ಕಾಪಿ ಇಟ್ಟುಕೊಳ್ಳದ ಅಂಗಡಿ

ಹಳೇಬೀಡಿನ ಬಸ್‌ಸ್ಟ್ಯಾಂಡಿನಲ್ಲಿ ಜೆರಾಕ್ಸ್ ಅಂಗಡಿ ಎಲ್ಲಿದೆ ಎಂದು ಕೇಳಿದರೆ ಜನ ನನ್ನ ಅಂಗಡಿಯನ್ನು ತೋರಿಸುತ್ತಾರೆ. ಜೊತೆಗೆ ಒಂದು ಎಚ್ಚರಿಕೆಯನ್ನೂ ಹೇಳಿ ಕಳಿಸುತ್ತಾರೆ. ಆಯಮ್ಮ ಕಾಪಿ ಇಟ್ಟುಕೊಳ್ಳಲ್ಲ, ನಿಮ್ಮ ಕಾಗದ ನೀವೇ ಜೋಪಾನ ಮಾಡಿಕೊಳ್ಳಬೇಕು, ಬಾಯಿ ಬೇರೆ ಸ್ವಲ್ಪ ಜೋರು ಅಂತ. ಮೂರೂ ನಿಜ. ಮೂರರಲ್ಲಿ ಯಾವುದನ್ನೂ ತಿದ್ದಿಕೊಳ್ಳುವ ಯೋಚನೆ ನನಗಿಲ್ಲ.

ಕಾಪಿ ಇಟ್ಟುಕೊಳ್ಳದಿರುವುದು ಯಾಕೆ ಒಂದು ದೂರು ಆಗಬೇಕು ಎಂದು ಹೊರಗಿನವರಿಗೆ ಅನ್ನಿಸಬಹುದು. ನಮ್ಮ ಕಡೆ ಜೆರಾಕ್ಸ್ ಅಂಗಡಿ ಎಂದರೆ ಊರಿಗೆಲ್ಲ ಸೇರಿದ ಬೀರು. ನನ್ನ ಗಂಡ ಅಂಗಡಿ ತೆರೆದಾಗಿನಿಂದ ಕಂಪ್ಯೂಟರಿನಲ್ಲಿ ಹಳ್ಳಿಗೊಂದರಂತೆ ಫೋಲ್ಡರ್ ಮಾಡಿ, ಯಾರೇ ಏನೇ ತಂದರೂ ಒಂದು ಪ್ರತಿಯನ್ನು ಅದರೊಳಗೆ ಹಾಕಿಡುತ್ತಿದ್ದರು. ಆಧಾರ್, ಪಹಣಿ, ಜಾತಿ ಪ್ರಮಾಣಪತ್ರ, ಮಾರ್ಕ್ಸ್ ಕಾರ್ಡು, ಮದುವೆ ಫೋಟೋ, ಆಸ್ಪತ್ರೆ ಚೀಟಿ. ಪೆಟ್ಟಿಗೆಗೆ ಗೆದ್ದಲು ಹಿಡಿದವರು, ಬಸ್ಸಿನಲ್ಲಿ ಚೀಲ ಮರೆತವರು ಅಳುಮೋರೆ ಹಾಕಿಕೊಂಡು ಬಂದರೆ, ಯಾವ ಊರು, ಯಾರ ಮಗ ಎಂದು ಎರಡು ಮಾತು ಕೇಳಿ ಪ್ರಿಂಟ್ ತೆಗೆದು ಕೊಡುತ್ತಿದ್ದರು. ಜನ ಅವರಿಗೆ ಕೈ ಮುಗಿದು ಹೋಗುತ್ತಿದ್ದರು. ನನಗೂ ಅದು ಹೆಮ್ಮೆಯೇ ಆಗಿತ್ತು.

ಅಂಗಡಿಯ ಇಮೇಲಿನ ಪಾಸ್‌ವರ್ಡನ್ನು ಕ್ಯಾಲೆಂಡರಿನ ಅಂಚಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಹಾಕಿದ್ದೆವು. ಗಿರಾಕಿಗಳೇ ಕೂತು ತಮ್ಮ ಫೈಲು ಕಳಿಸಿಕೊಳ್ಳಲಿ, ತರಿಸಿಕೊಳ್ಳಲಿ ಎಂದು. ಆ ಇಮೇಲು ತೆರೆದರೆ ಬೇಲೂರಿನಿಂದ ಜಾವಗಲ್ಲಿನವರೆಗಿನ ಸಂಸಾರಗಳ ಕಥೆಯೆಲ್ಲ ಒಂದರ ಕೆಳಗೊಂದು ಸಿಗುತ್ತಿತ್ತು. ಯಾರೂ ಅದನ್ನು ತಪ್ಪು ಎಂದುಕೊಂಡಿರಲಿಲ್ಲ.

ನಾನು ಬಸ್ತಿಹಳ್ಳಿಯ ಜೈನರ ಮನೆಯ ಮಗಳು. ಸೇರಿದ್ದು ಹಳೇಬೀಡಿನ ಜೈನರ ಮನೆಯನ್ನೇ, ತವರಿಗೂ ಗಂಡನ ಮನೆಗೂ ನಡುವೆ ನಡಿಗೆಯಷ್ಟೇ ದೂರ. ನಮ್ಮವರ ಮನೆಗಳು ಬೆರಳೆಣಿಕೆಯವು. ಎಲ್ಲರೂ ವ್ಯಾಪಾರಸ್ಥರು, ಇಲ್ಲವೇ ನಾಲ್ಕು ಎಕರೆ ಇಟ್ಟುಕೊಂಡವರು. ಹೊತ್ತು ಮುಳುಗುವ ಮೊದಲು ಊಟ ಮುಗಿಸಬೇಕು, ಯಾರ ಜಗಳಕ್ಕೂ ತಲೆ ಹಾಕಬಾರದು. ಈ ಎರಡು ಕ್ರಮವನ್ನು ನಮ್ಮ ಮನೆಗಳಲ್ಲಿ ಹಾಲು ಕುಡಿಸುವಾಗಲೇ ಕಲಿಸುತ್ತಾರೆ. ನಾವು ನಾಲ್ಕು ಮನೆಯವರು, ಎಲ್ಲರೂ ಬೇಕು ಕಣೇ ಎಂದು ಅಮ್ಮ ಹೇಳುತ್ತಲೇ ಇದ್ದಳು. ಮೊದಲನೆಯ ಕ್ರಮವನ್ನು ನಾನು ಇವತ್ತಿಗೂ ಬಿಟ್ಟಿಲ್ಲ, ಎರಡನೆಯದು ಒಂದು ದಿನ ಮುರಿಯಿತು.

ಹಗರೆ ದಾರಿಯ ಒಂದು ಹಳ್ಳಿಯಿಂದ ಒಬ್ಬ ಹೆಂಗಸು ನಮ್ಮಲ್ಲಿಗೆ ಬರುತ್ತಿದ್ದಳು. ನನಗಿಂತ ನಾಲ್ಕೈದು ವರ್ಷ ಚಿಕ್ಕವಳು, ಮದುವೆಯಾಗದವಳು. ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಿದ್ದಳು. ಅಪ್ಪ ಹಾಸಿಗೆ ಹಿಡಿದಾಗ ಕೊನೆಯವರೆಗೂ ಉಚ್ಚೆ ಹೇಲು ಬಾಚಿದವಳು ಅವಳೇ. ಅಪ್ಪ ತೀರಿಕೊಳ್ಳುವ ಮೊದಲು ತಾನೇ ದುಡಿದು ಕೊಂಡಿದ್ದ ತೆಂಗಿನ ತೋಟವನ್ನು ಇವಳಿಗೆಂದು ಉಯಿಲು ಬರೆದಿದ್ದರು. ರಿಜಿಸ್ಟರ್ ಮಾಡಿಸಿರಲಿಲ್ಲ. ರೂಲು ಹಾಳೆಯ ಮೇಲೆ ತಾವೇ ಬರೆದು, ರುಜು ಹಾಕಿ, ಇಬ್ಬರ ಸಾಕ್ಷಿ ಹಾಕಿಸಿದ್ದರು. ಅಷ್ಟು ಸಾಕಂತೆ, ಆದರೆ ಸಾಕ್ಷಿ ಹಾಕಿದ ಇಬ್ಬರಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು ಹೌದು ಎನ್ನಬೇಕಂತೆ.

ಅವಳಿಗೆ ಒಬ್ಬನೇ ಅಣ್ಣ. ಊರಲ್ಲಿ ನಾಲ್ಕು ಜನ ಎದ್ದು ನಿಲ್ಲುವಂಥ ಮನುಷ್ಯ, ಕೆಟ್ಟ ಮಾತು ಆಡಿದವನಲ್ಲ, ನಮ್ಮ ಅಂಗಡಿಗೂ ಬೇಕಾದವನು. ಅಪ್ಪ ತೀರಿಕೊಂಡ ಮೇಲೆ ತೋಟವನ್ನೂ ಸೇರಿಸಿ ಎಲ್ಲದಕ್ಕೂ ತನ್ನ ಹೆಸರಿಗೆ ಪೌತಿ ಖಾತೆ ಕೇಳಿದ್ದ. ತಂಗಿ ತಕರಾರು ಅರ್ಜಿ ಬರೆಸಲು ನನ್ನ ಹತ್ತಿರ ಬಂದಳು. ನಾನೇ ಟೈಪು ಮಾಡಿದೆ. ಅಪ್ಪ ಉಯಿಲು ಬರೆದಿದ್ದಾರೆ, ಪಕ್ಕದ ಹೊಲದವರು ಸಾಕ್ಷಿ ಇದ್ದಾರೆ ಎಂದು ಆ ರೈತನ ಹೆಸರನ್ನು ಹಾಕಿದೆವು. ಇನ್ನೊಂದು ಸಾಕ್ಷಿಯ ಹೆಸರು ಈಗ ಬೇಡ ಅಕ್ಕ ಎಂದಳು. ನಾನು ಕೇಳಲೂ ಇಲ್ಲ, ಅವಳು ಹೇಳಲೂ ಇಲ್ಲ. ಅವಳು ಹೋದ ಮೇಲೆ ನನ್ನ ಗಂಡ ಎಂದಿನಂತೆ ಆ ಅರ್ಜಿಯದೊಂದು ಪ್ರತಿಯನ್ನು ಅವಳ ಹಳ್ಳಿಯ ಫೋಲ್ಡರಿಗೆ ಹಾಕಿದರು.

ಅವಳಿನ್ನೂ ಅರ್ಜಿಯನ್ನು ತಾಲ್ಲೂಕು ಕಚೇರಿಗೆ ಕೊಟ್ಟಿರಲಿಲ್ಲ. ಎರಡು ದಿನ ಬಿಟ್ಟು ಅಣ್ಣ ಪಹಣಿ ತೆಗೆಸಲು ಬಂದ. ಗಂಡ ಫೋಲ್ಡರ್ ತೆರೆದರು, ಅದೇ ಮನೆತನದ ಹೆಸರು ಕಂಡಿತು. ನಿಮ್ಮ ಮನೇದೇ ಇನ್ನೊಂದು ಕಾಗದ ಇದೆ, ತೆಗೆದುಕೊಂಡು ಹೋಗಿಬಿಡಿ ಎಂದು ಪ್ರಿಂಟ್ ತೆಗೆದು, ಪಿನ್ನು ಹೊಡೆದು ಕೈಗೆ ಕೊಟ್ಟರು. ಒಂದು ಮನೆಯವರು ಎಂದರೆ ಒಂದೇ ಎಂದು ನಂಬಿದ ಮನುಷ್ಯ. ಅವರ ಮನಸ್ಸಿನಲ್ಲಿ ಸಾಸಿವೆಯಷ್ಟೂ ಕಪಟವಿರಲಿಲ್ಲ ಎಂದು ನಾನು ಬಸದಿಯಲ್ಲಿ ನಿಂತು ಬೇಕಾದರೂ ಹೇಳುತ್ತೇನೆ.

ಮುಂದಿನ ವಾರ ಆ ರೈತನಿಗೆ ಎಲ್ಲ ಮರೆತುಹೋಯಿತು. ಯಾವ ಉಯಿಲು, ನಾನು ಓದದೇ ಎಲ್ಲೋ ರುಜು ಹಾಕಿರಬೇಕು, ಇಲ್ಲವೇ ಹಾಕೇ ಇಲ್ಲ ಎಂದನಂತೆ. ಅವನಿಗೆ ಯಾರು ಏನು ಹೇಳಿದರೋ ನನಗೆ ಗೊತ್ತಿಲ್ಲ, ಊಹೆ ಮಾಡಲು ಜಾಣತನವೇನೂ ಬೇಕಾಗಿರಲಿಲ್ಲ. ಹೆಂಗಸು ಹಾಲಿನ ಕ್ಯಾನು ಹಿಡಿದುಕೊಂಡೇ ಅಂಗಡಿಗೆ ಬಂದಳು. ಜಗಳ ಮಾಡುತ್ತಾಳೆ ಎಂದುಕೊಂಡೆ, ಮಾಡಲಿಲ್ಲ. ಮೆಟ್ಟಿಲ ಕೆಳಗೇ ನಿಂತು ಹೇಳಿದಳು:

"ಅಕ್ಕ, ನಿಮ್ಮ ಯಜಮಾನ್ರು ಬಲು ಒಳ್ಳೇವ್ರು. ಅದ್ಕೇ ಹಿಂಗಾಗೋತು."

ಬೈದಿದ್ದರೆ ಎದುರು ಮಾತಾಡಿ ಹಗುರವಾಗುತ್ತಿದ್ದೆ. ನಾಚಿಕೆಯಾಯಿತು, ಆಮೇಲೆ ಸಿಟ್ಟು ಬಂತು. ಮೊದಲು ಗಂಡನ ಮೇಲೆ, ಆಮೇಲೆ ನನ್ನ ಮೇಲೆ. ಕಂಪ್ಯೂಟರಿನಲ್ಲಿ ಡಿಪ್ಲೊಮಾ ಓದಿದವಳು ನಾನು. ಗೋಡೆಗೆ ಪಾಸ್‌ವರ್ಡ್ ಬರೆದು ನೇತುಹಾಕಿದ್ದು ನನ್ನ ಕೈಯೇ. ಅಂದು ಸಂಜೆ ಗಂಡನಿಗೂ ನನಗೂ ಮಾತಿಗೆ ಮಾತು ಬೆಳೆಯಿತು. ಅವರದು ಒಂದೇ ವಾದ, ಒಳ್ಳೆಯದು ಮಾಡಲು ಹೋದೆ, ನನ್ನದೇನು ತಪ್ಪು ಅಂತ. ಒಳ್ಳೆಯತನ ನಿಮ್ಮದು, ಕಾಗದ ಅವಳದು ಎಂದೆ ನಾನು. ಅವರು ಎರಡು ದಿನ ನನ್ನ ಜೊತೆ ಮಾತು ಬಿಟ್ಟರು.

ಅರಸೀಕೆರೆಯಲ್ಲಿ ನನ್ನ ಜೊತೆ ಡಿಪ್ಲೊಮಾ ಓದಿದ ಗೆಳತಿಯೊಬ್ಬಳಿದ್ದಾಳೆ. ಹಾಸ್ಟೆಲಿನಲ್ಲಿ ಒಂದೇ ಕೋಣೆ. ಅವಳು ಕಂಪ್ಯೂಟರ್ ಬಿಟ್ಟು ಕಾನೂನು ಓದಿ ವಕೀಲೆಯಾದಳು, ನಾನು ಕಂಪ್ಯೂಟರ್ ಬಿಡದೆ ಪಹಣಿ ಪ್ರಿಂಟ್ ತೆಗೆಯುವವಳಾದೆ. ಬೇಲೂರಿನ ವಕೀಲರೆಲ್ಲ ಅಣ್ಣನಿಗೆ ಪರಿಚಯದವರು, ಅಲ್ಲಿ ಯಾರ ಬಾಗಿಲು ತಟ್ಟಲೂ ಆ ಹೆಂಗಸಿಗೆ ಧೈರ್ಯವಿರಲಿಲ್ಲ. ನಾನು ಗೆಳತಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವಳು ಕೇಳಿಸಿಕೊಂಡು, ಮೊದಲು ಆ ಉಯಿಲು ಕಣ್ಣಿಗೆ ಬೀಳಬೇಕು, ಅದು ನಿಲ್ಲುತ್ತದೋ ಇಲ್ಲವೋ ನೋಡಿಯೇ ಮುಂದಿನ ಮಾತು ಎಂದಳು. ಸ್ಕ್ಯಾನು ಮಾಡಿ ಮೇಲ್ ಮಾಡಿಬಿಡುತ್ತೇನೆ ಎಂದೆ. ಫೋನಿನಲ್ಲೇ ನಕ್ಕಳು. ನಿನ್ನ ಅಂಗಡಿ ಪಾಸ್‌ವರ್ಡು ಅರಸೀಕೆರೆ ಬಸ್ಸಿನ ಕಂಡಕ್ಟರಿಗೂ ಗೊತ್ತು, ಮೇಲ್ ಮಾಡುತ್ತಾಳಂತೆ ಎಂದಳು. ನನಗೆ ಉರಿದುಹೋಯಿತು, ಆದರೆ ಅವಳು ಹೇಳಿದ್ದು ಸರಿ.

ಹೀಗೆ ನಾನು ಡಿಪ್ಲೊಮಾದ ದಿನಗಳಲ್ಲಿ ಕಲಿತಿದ್ದ ಕಪ್ಪು ಪರದೆಯ ಮುಂದೆ ಮತ್ತೆ ಕೂತೆ. ಅಂಗಡಿಯ ಹಿಂಭಾಗದಲ್ಲಿ ಒಂದು ಹಳೆಯ ಕಂಪ್ಯೂಟರ್ ಇತ್ತು, ಅದರಲ್ಲಿ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಂಡಿದ್ದೆ. ಅಲ್ಲಿ ಚಿತ್ರ ಒತ್ತುವುದಿಲ್ಲ, ಬರೆದು ಹೇಳಬೇಕು. ಒಂದು ಸಾಲು ಬರೆದು ಎಂಟರ್ ಒತ್ತಿದರೆ ಬರೆದಷ್ಟನ್ನೇ ಮಾಡುತ್ತದೆ, ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಇಷ್ಟು ವರ್ಷ ಮೌಸು ಹಿಡಿದು ಅಲ್ಲಿ ಒತ್ತು ಇಲ್ಲಿ ಒತ್ತು ಎಂದು ಬದುಕಿದವಳಿಗೆ ಅದು ಎಷ್ಟು ಹಿತವಾಯಿತೆಂದರೆ, ಮೊದಲ ದಿನ ಗಿರಾಕಿ ಬಂದು ನಿಂತದ್ದೂ ಗೊತ್ತಾಗಲಿಲ್ಲ. ಗಂಡ ದೂರದಿಂದ ನೋಡಿ, ಕಂಪ್ಯೂಟರ್ ಕೆಟ್ಟಿದೆಯಾ, ಬರೀ ಕಪ್ಪು ಬರುತ್ತಿದೆಯಲ್ಲ ಎಂದರು.

ಗೆಳತಿ ಫೋನಿನಲ್ಲಿ ಪಾಠ ಹೇಳಿದಳು. ಅವಳ ಹತ್ತಿರ ಎರಡು ಕೀಲಿ. ಒಂದರಿಂದ ಬೀಗ ಹಾಕಲು ಮಾತ್ರ ಬರುತ್ತದೆ, ಅದನ್ನು ಊರಿಗೆಲ್ಲ ಹಂಚಿದರೂ ಚಿಂತೆಯಿಲ್ಲ. ಇನ್ನೊಂದು ತೆಗೆಯುವ ಕೀಲಿ, ಅದು ಅವಳ ಕಂಪ್ಯೂಟರ್ ಬಿಟ್ಟು ಹೊರಗೆ ಹೋಗುವುದೇ ಇಲ್ಲ. ಹಾಕುವ ಕೀಲಿಯನ್ನು ನನಗೆ ಕಳಿಸಿದಳು. ಅದು ಅವಳದೇ ಹೌದೋ, ನಡುವೆ ಯಾರಾದರೂ ಬದಲಾಯಿಸಿದ್ದಾರೋ ಎಂದು ಖಾತ್ರಿ ಮಾಡಿಕೊಳ್ಳಲು ನಲವತ್ತು ಅಕ್ಷರ, ಅಂಕಿಗಳನ್ನು ಬಾಯಲ್ಲಿ ಓದಿ ತಾಳೆ ನೋಡಬೇಕು. ಅವಳು ಕೋರ್ಟಿನ ಹೊರಗೆ, ನಾನು ಅಂಗಡಿಯ ಒಳಗೆ. ಎ ಅಂದರೆ ಅರಸೀಕೆರೆ, ಬಿ ಅಂದರೆ ಬೇಲೂರು, ಸಿ ಅಂದರೆ ಚನ್ನರಾಯಪಟ್ಟಣ, ಡಿ ಅಂದರೆ ದುದ್ದ ಎಂದು ಓದಿಕೊಂಡು ಹೋದೆವು. ಎಫ್ ಬಂದಾಗ ಇಬ್ಬರಿಗೂ ಊರು ಸಿಗದೆ ಫ್ಯಾನು ಎಂದೆವು. ಕೇಳುತ್ತಾ ಕೂತಿದ್ದ ಗಂಡ, ಯಾವ ಬಸ್ಸಿಗೆ ಹೋಗುತ್ತಿದ್ದೀರಿ ಎಂದು ಕೇಳಿದರು.

ಮೊದಲು ಬಸ್ಸಿನ ವೇಳಾಪಟ್ಟಿಗೆ ಬೀಗ ಹಾಕಿ ಕಳಿಸಿ ನೋಡಿದೆ. ಅವಳಿಗೆ ತೆರೆಯಿತು. ಈಗ ನೀನೇ ಹಾಕಿದ ಬೀಗ ನೀನು ತೆಗಿ ನೋಡೋಣ ಎಂದಳು. ಎಷ್ಟು ಒದ್ದಾಡಿದರೂ ಆಗಲಿಲ್ಲ. ಪರದೆಯ ತುಂಬ ಅರ್ಥವಿಲ್ಲದ ಚಿಹ್ನೆಗಳು. ನಾನು ಮಕ್ಕಳ ಹಾಗೆ ಖುಷಿಪಟ್ಟೆ. ಈ ಸೀಮೆಯಲ್ಲಿ ಒಂದು ಕಾಗದ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ, ನಡುವೆ ಯಾರೂ ಓದದೆ ಹೋಗಬಹುದು ಎಂಬುದು ಹೊಸ ಸಂಗತಿ. ಅಂಚೆಯಣ್ಣನೂ ಕಾರ್ಡನ್ನು ಓದಿಯೇ ಕೊಡುತ್ತಿದ್ದ ಕಾಲದಲ್ಲಿ ಬೆಳೆದವಳು ನಾನು.

ಮಾರನೆಯ ದಿನ ಹೆಂಗಸು ಹಾಲು ಹಾಕಿ ಬಂದು, ಸೆರಗಿನೊಳಗಿಂದ ಉಯಿಲನ್ನು ತೆಗೆದಳು. ಮುಂದಿನ ಮೇಜಿನ ಸ್ಕ್ಯಾನರಿನಲ್ಲಿ ಸ್ಕ್ಯಾನು ಮಾಡಿ, ಫೈಲನ್ನು ನನ್ನ ಕಂಪ್ಯೂಟರಿಗೆ ತಂದೆ. ಅಕ್ಷರ ಸರಿ ಬಂದಿದೆಯೇ ಎಂದು ದೊಡ್ಡದು ಮಾಡಿ ನೋಡುವಾಗ ಎರಡನೇ ಸಾಕ್ಷಿಯ ರುಜು ಕಂಡಿತು. ದುಂಡಗಿನ, ಶಾಲೆಯ ಕಾಪಿ ಪುಸ್ತಕದಂಥ ಅಕ್ಷರ. ಕೆಳಗೆ ಯಾರ ಹೆಂಡತಿ ಎಂದೂ ಬರೆದಿತ್ತು. ಅದು ಅಣ್ಣನ ಹೆಂಡತಿ, ಈ ಹೆಂಗಸಿನ ಅತ್ತಿಗೆ.

ನಾನು ಅವಳ ಮುಖ ನೋಡಿದೆ, ಅವಳು ತಗ್ಗಿದ ದನಿಯಲ್ಲಿ ಎಲ್ಲ ಹೇಳಿದಳು. ಮಾವನಿಗೆ ಸೊಸೆಯ ಮೇಲೆ ನಂಬಿಕೆ ಇತ್ತು, ಕರೆದು ರುಜು ಹಾಕಿಸಿದ್ದರು. ಅಣ್ಣನಿಗೆ ಅದು ಇನ್ನೂ ಗೊತ್ತಿರಲಿಲ್ಲ. ಕೋರ್ಟಿಗೆ ಬರುತ್ತೀರಾ ಎಂದು ನಾದಿನಿ ಕದ್ದು ಕೇಳಿದರೆ ಅತ್ತಿಗೆ ಹೂಂ ಎಂದಿಲ್ಲ, ಊಹೂಂ ಎಂದಿಲ್ಲ, ನನ್ನ ಹೆಸರು ಮಾತ್ರ ಈಗಲೇ ಎಲ್ಲೂ ಹಾಕಬೇಡ ಎಂದು ಕೈ ಹಿಡಿದುಕೊಂಡರಂತೆ. ಅವರು ತವರಿಗೆ ಹೋಗಿ ಕೂತ ಮೇಲೆ ಈ ಹೆಸರು ಆಚೆ ಬಂದರೆ ಒಂದು ಮಾತು. ಅದೇ ಮನೆಯಲ್ಲಿ, ಅದೇ ಗಂಡನ ಪಕ್ಕದಲ್ಲಿ ಇರುವಾಗ ಬಂದರೆ ರೈತನಿಗೆ ಬಂದ ಮರೆವು ಇವರಿಗೂ ಬರುತ್ತದೆ, ಅಥವಾ ಅದಕ್ಕಿಂತ ಕೆಟ್ಟದ್ದಾಗುತ್ತದೆ. ತೋಟವೂ ಹೋಗುತ್ತದೆ, ಆ ಅತ್ತಿಗೆಯ ಬದುಕೂ ನರಕವಾಗುತ್ತದೆ. ಅಷ್ಟೂ ಒಂದು ರೂಲು ಹಾಳೆಯ ಕೆಳಗಿನ ಮೂಲೆಯಲ್ಲಿತ್ತು.

ಬೀಗ ಹಾಕುವ ಸಾಲನ್ನು ಎರಡು ಸಲ ಓದಿ ಎಂಟರ್ ಒತ್ತಿದೆ. ಬೀಗವಿಲ್ಲದ ಪ್ರತಿಯನ್ನು ನನ್ನ ಕಂಪ್ಯೂಟರಿನಿಂದ ಅಳಿಸಿದೆ. ಬೀಗ ಬಿದ್ದ ಫೈಲನ್ನು ಅಂಗಡಿಯ ಅದೇ ಇಮೇಲಿನಿಂದ ಅರಸೀಕೆರೆಗೆ ಕಳಿಸಿದೆ. ಯಾರು ನೋಡಿದರೂ ನೋಡಲಿ, ಏನು ಕಾಣುತ್ತದೆ ಎಂಬ ಸೊಕ್ಕು. ಗೆಳತಿ ಹತ್ತು ನಿಮಿಷದಲ್ಲಿ ಫೋನು ಮಾಡಿ, ಸಿಕ್ಕಿತು, ಚೆನ್ನಾಗಿದೆ, ಆ ಅತ್ತಿಗೆ ಒಬ್ಬರು ಬಂದರೆ ಸಾಕು, ಬರದಿದ್ದರೆ ಏನೂ ಇಲ್ಲ ಎಂದಳು.

ಸೊಕ್ಕಿನಲ್ಲಿ ನಾನು ಒಂದು ತಪ್ಪು ಮಾಡಿದ್ದೆ. ನಮ್ಮ ಅಂಗಡಿಯಲ್ಲಿ ಯಾವ ಫೈಲಿಗೇ ಆಗಲಿ ಹಳ್ಳಿಯ ಹೆಸರು, ಮನೆತನದ ಹೆಸರು, ಕಾಗದದ ಹೆಸರು ಮೂರನ್ನೂ ಸೇರಿಸಿ ಹೆಸರಿಡುವ ರೂಢಿ. ಹುಡುಕಲು ಸುಲಭ ಎಂದು ಗಂಡ ಮಾಡಿದ ಪದ್ಧತಿ, ನನ್ನ ಬೆರಳಿಗೂ ಹತ್ತಿಬಿಟ್ಟಿತ್ತು. ಬೀಗ ಫೈಲಿನ ಒಳಗಿದ್ದದ್ದನ್ನು ಮುಚ್ಚಿತೇ ಹೊರತು ಹೆಸರನ್ನು ಮುಚ್ಚಲಿಲ್ಲ. ಹಳ್ಳಿ, ಮನೆತನ, ಉಯಿಲು ಎಂದು ಇಮೇಲಿನಲ್ಲಿ ಬೋರ್ಡು ಬರೆದ ಹಾಗೆ ಕೂತಿತ್ತು.

ಎರಡು ದಿನದ ಮೇಲೆ ಅಣ್ಣ ಏನೋ ಫೋಟೋ ಕಳಿಸಲು ಬಂದು, ಮುಂದಿನ ಕಂಪ್ಯೂಟರಿನಲ್ಲಿ ತಾನೇ ಇಮೇಲು ತೆರೆದು ಕೂತ. ಸಂಜೆ ಐದು ದಾಟಿತ್ತು. ನಾನು ಊಟಕ್ಕೆ ಮನೆಗೆ ಹೊರಡಲು ಹಿಂದಿನ ಕಿಟಕಿ ಹಾಕುತ್ತಿದ್ದೆ. ಅವನು ನನ್ನನ್ನು ಕರೆದ ರೀತಿಯಲ್ಲೇ ಗೊತ್ತಾಯಿತು. ಪರದೆಯ ಮೇಲೆ ಬೆರಳಿಟ್ಟು, ಇದು ನಮ್ಮ ಮನೆ ಕಾಗದ, ಒಂದು ಪ್ರಿಂಟ್ ಕೊಟ್ಟುಬಿಡಮ್ಮ ಎಂದ. ಜೋರು ಮಾಡಲಿಲ್ಲ. ಉಯಿಲಿಗೆ ಇಬ್ಬರು ಸಾಕ್ಷಿ ಇರಲೇಬೇಕು, ಇನ್ನೊಬ್ಬರು ಯಾರು ಎಂದು ನೋಡಬೇಕು ಅಷ್ಟೇ ಎಂದು ಬಿಚ್ಚಿ ಹೇಳಿದ. ಮುಚ್ಚಿಡುವ ಅಗತ್ಯವೇ ಅವನಿಗೆ ಕಂಡಿರಲಿಲ್ಲ, ಕೇಳಿದರೆ ಕೊಡುತ್ತಾರೆ ಎಂಬುದು ಅವನ ಬದುಕಿನ ಅನುಭವ.

ಅದು ತೆರೆಯಲ್ಲ ಅಣ್ಣಾ ಎಂದೆ. ಬೀಗ ಹಾಕಿದ ಫೈಲು, ಕಳಿಸಿದ ನನಗೂ ತೆರೆಯಲು ಆಗುವುದಿಲ್ಲ, ಬೇಕಾದರೆ ಪ್ರಿಂಟ್ ಕೊಡುತ್ತೇನೆ ಎಂದು ನಿಜವಾಗಿಯೂ ಒಂದು ಹಾಳೆ ಪ್ರಿಂಟ್ ಕೊಟ್ಟೆ. ಹಾಳೆಯ ತುಂಬ ಗೀಚುಗಳು. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿದ. ಒಳಗೊಳಗೇ ನನಗೆ ನಗು. ಆಗಲ್ಲ ಎಂಬ ಮಾತು ಎಷ್ಟು ಆರಾಮ ಎಂದರೆ, ಅದರಲ್ಲಿ ಯಾರಿಗೂ ಅವಮಾನವಿಲ್ಲ, ಯಾರ ಮನಸ್ಸೂ ಕೆಡುವುದಿಲ್ಲ, ಯಂತ್ರ ಆಗಲ್ಲ ಅಂದಿದೆ ಅಷ್ಟೇ. ಅಮ್ಮ ಹೇಳಿಕೊಟ್ಟ ಬುದ್ಧಿಗೆ ಹೇಳಿ ಮಾಡಿಸಿದಂಥ ಉತ್ತರ. ಅವನು ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡು ಎದ್ದ.

ಆಗ ನನ್ನ ಗಂಡ ಬಾಯಿ ಬಿಟ್ಟರು. ಬಾಗಿಲಿಗೆ ಬಂದವರು ಬರಿಗೈಲಿ ಹೋಗುತ್ತಾರಲ್ಲ ಎಂಬ ಸಂಕಟ ಅವರಿಗೆ. ಸ್ಕ್ಯಾನರ್ ಫೋಲ್ಡರಿನಲ್ಲಿ ಇರುತ್ತಲ್ಲ ಕಣೇ, ಸ್ಕ್ಯಾನು ಮಾಡಿದ್ದೆಲ್ಲ ಅಲ್ಲಿ ತಾನಾಗೇ ಒಂದು ಉಳಿಯುತ್ತೆ, ನಾನೇ ಹಾಗೆ ಮಾಡಿಟ್ಟಿದ್ದೀನಲ್ಲ ಎಂದರು.

ಅದು ನನಗೆ ಮರೆತೇ ಹೋಗಿತ್ತು. ಗಂಡ ಅಷ್ಟರಲ್ಲೇ ಮುಂದಿನ ಕಂಪ್ಯೂಟರಿನಲ್ಲಿ ಆ ಫೋಲ್ಡರನ್ನು ತೆರೆದಿದ್ದರು. ಉದ್ದದ ಪಟ್ಟಿ, ಎಲ್ಲ ಫೈಲಿಗೂ ಹೆಸರಿನ ಬದಲು ಬರೀ ಸಂಖ್ಯೆ, ಯಾವುದು ಯಾವುದೆಂದು ಒಂದೊಂದನ್ನೇ ತೆರೆದು ನೋಡಬೇಕು. ಅವರು ಮೇಲಿನಿಂದ ತೆರೆಯಲು ಶುರು ಮಾಡಿದರು. ಯಾರದೋ ಆಧಾರ್ ಬಂತು, ಯಾರದೋ ಮಾರ್ಕ್ಸ್ ಕಾರ್ಡು ಬಂತು. ಅಣ್ಣ ಅವರ ಹೆಗಲ ಮೇಲೆ ಬಗ್ಗಿ ನಿಂತ.

ಆ ಫೋಲ್ಡರ್ ನನ್ನ ಹಿಂದಿನ ಕಂಪ್ಯೂಟರಿಗೂ ಕಾಣುತ್ತದೆ. ನಾನು ಹೋಗಿ ಕೂತು, ಆ ದಿನ ಆ ಹೊತ್ತಿನಲ್ಲಿ ಸ್ಕ್ಯಾನಾದದ್ದು ಯಾವುದೆಂದು ನೋಡಿ, ಅದನ್ನು ಅಳಿಸುವ ಸಾಲನ್ನು ಬರೆದೆ. ಒಂದೇ ಸಾಲು. ಎಂಟರ್ ಒತ್ತುವುದು ಮಾತ್ರ ಬಾಕಿ. ಒತ್ತಿ, ಹುಡುಕಿ ನೋಡಿ ಅಣ್ಣಾ, ಇಲ್ಲ ಅನ್ನಿಸುತ್ತೆ ಎಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಸಾಕ್ಷಿಯ ಹೆಸರೂ ಉಳಿಯುತ್ತಿತ್ತು, ಗಿರಾಕಿಯೂ ಉಳಿಯುತ್ತಿದ್ದ, ನಾವು ನಾಲ್ಕು ಮನೆಯವರು ಎಲ್ಲರಿಗೂ ಬೇಕಾದವರಾಗಿ ಉಳಿಯುತ್ತಿದ್ದೆವು. ಅಣ್ಣ ತಲೆಯೆತ್ತಿ ನನ್ನ ಕಡೆ ತಿರುಗಿದ.

"ಐತೇನಮ್ಮ ಅದ್ರಾಗೆ?"

ಯಾಕೆ ಹಾಗೆ ಮಾಡಿದೆ ಎಂದು ಆಮೇಲೆ ಎಷ್ಟೋ ಜನ ಕೇಳಿದ್ದಾರೆ. ನನಗೆ ಆ ಕ್ಷಣದಲ್ಲಿ ಹೊಳೆದದ್ದು ಇಷ್ಟೇ. ಇವನು ನಾಳೆ ಮತ್ತೆ ಬರುತ್ತಾನೆ. ಇನ್ನೊಂದು ಕಾಗದಕ್ಕೆ, ಇನ್ನೊಬ್ಬ ಹೆಂಗಸಿನ ವಿಷಯಕ್ಕೆ. ಅವತ್ತು ಯಂತ್ರಕ್ಕೆ ತೆರೆಯಲು ಬಂದುಬಿಟ್ಟರೆ ನನ್ನ ಬಾಯಲ್ಲಿ ಏನು ಉಳಿದಿರುತ್ತದೆ? ಬೀಗದ ಹಿಂದೆ ನಿಂತು ಎಷ್ಟು ದಿನ ಅಡಗಿಕೊಳ್ಳುವುದು? ಈ ಮನುಷ್ಯನಿಗೆ ಹುಟ್ಟಿದಾಗಿನಿಂದ ಯಾರೂ ಒಂದು ಮಾತನ್ನು ಹೇಳಿಲ್ಲ, ಅದನ್ನು ಹೇಳಿಯೇ ತೀರಬೇಕು ಎಂಬ ಹಟ ನನ್ನ ಹೊಟ್ಟೆಯಿಂದ ಎದ್ದು ಬಂತು.

"ಐತೆ ಅಣ್ಣಾ," ಎಂದೆ. "ಕೊಡಲ್ಲ."

ಎಂಟರ್ ಒತ್ತಿದೆ. ಮುಂದಿನ ಪರದೆಯ ಪಟ್ಟಿಯಲ್ಲಿ ಒಂದು ಸಾಲು ಅವರಿಬ್ಬರ ಕಣ್ಣೆದುರೇ ಇಲ್ಲವಾಯಿತು. ಕೆಳಗಿನ ಸಾಲುಗಳು ಒಂದು ಮೆಟ್ಟಿಲು ಮೇಲೆ ಸರಿದವು. ಗಂಡ ಮೌಸಿನಿಂದ ಕೈ ತೆಗೆದರು.

ಅಣ್ಣ ಸಾಕಷ್ಟು ಮಾತಾಡಿದ. ನಿಮಗೂ ನಮ್ಮ ಮನೆ ವಿಚಾರಕ್ಕೂ ಏನು ಸಂಬಂಧ, ವ್ಯಾಪಾರ ಮಾಡೋರು ವ್ಯಾಪಾರ ಮಾಡಬೇಕು, ನಾಲ್ಕು ಮನೆ ಜನ ನೀವು ಎಂದ. ನಾಲ್ಕು ಮನೆ ಎಂದಾಗ ಮಾತ್ರ ನಾನು ಎದ್ದು ನಿಂತೆ. ಹೌದು ಅಣ್ಣಾ, ನಾಲ್ಕೇ ಮನೆ, ಆದರೆ ಈ ಅಂಗಡಿಯ ಬಾಗಿಲು ನನ್ನದು ಎಂದೆ. ಅವನು ಹೋಗುವಷ್ಟರಲ್ಲಿ ಹೊತ್ತು ಮುಳುಗಿತ್ತು. ಆ ದಿನ ಗಂಡನೂ ನಾನೂ ಉಪವಾಸ ಮಲಗಿದೆವು.

ಅಲ್ಲಿಂದ ಮುಂದೆ ಅವನು ಬರಲಿಲ್ಲ, ಅವನ ಕಡೆಯವರೂ ಬರಲಿಲ್ಲ. ಬೇರೆ ಅಂಗಡಿ ಇಲ್ಲವೇ, ಹೋದರು. ನಾನು ಕ್ಯಾಲೆಂಡರ್ ಕಿತ್ತೆ, ಪಾಸ್‌ವರ್ಡ್ ಬದಲಾಯಿಸಿದೆ. ಹಳ್ಳಿಗೊಂದರಂತೆ ಇದ್ದ ಫೋಲ್ಡರುಗಳನ್ನು ಒಂದೊಂದಾಗಿ ಅಳಿಸಿದೆ. ಅಳಿಸುವ ಮೊದಲು ಒಂದು ತಿಂಗಳು ಬಾಗಿಲಲ್ಲಿ ಬರೆದು ಹಾಕಿದ್ದೆ, ನಿಮ್ಮ ಕಾಗದ ಬೇಕಿದ್ದವರು ತೆಗೆದುಕೊಂಡು ಹೋಗಿ ಎಂದು. ಅದನ್ನು ಓದಿದವರು ನನ್ನನ್ನು ಬೈದುಕೊಂಡೇ ಹೋದರು. ಗಂಡನಿಗಂತೂ ತನ್ನ ಇಷ್ಟು ವರ್ಷದ ಪುಣ್ಯವನ್ನೆಲ್ಲ ಹೆಂಡತಿ ಒರೆಸಿಹಾಕಿದಳು ಎಂಬ ದುಃಖ. ಅವರ ದುಃಖ ನನಗೆ ಅರ್ಥವಾಗುತ್ತಿತ್ತು, ಆದರೆ ಅದಕ್ಕಾಗಿ ಕೈ ನಿಲ್ಲಿಸಲಿಲ್ಲ.

ಹೆದರಿಕೆ ಮಾತ್ರ ಹೋಗಲಿಲ್ಲ. ಅತ್ತಿಗೆ ಬರುತ್ತಾರೋ ಇಲ್ಲವೋ ಎಂದು ಅರಸೀಕೆರೆಯಿಂದ ಗೆಳತಿ ಕೇಳುತ್ತಲೇ ಇದ್ದಳು, ಹಾಲಿನ ಹೆಂಗಸು ಗೊತ್ತಿಲ್ಲ ಅಕ್ಕ ಎನ್ನುತ್ತಲೇ ಇದ್ದಳು. ನಾನು ಕೊಡಲ್ಲ ಎಂದದ್ದರಿಂದ ಅಣ್ಣನ ಅನುಮಾನ ಹೆಚ್ಚಾಗಿ, ಮನೆಯೊಳಗೇ ಹುಡುಕಲು ಶುರು ಮಾಡಿದರೆ? ಬಾಯಿ ಮುಚ್ಚಿಕೊಂಡು ಎಂಟರ್ ಒತ್ತಿದ್ದರೆ ಆಗುತ್ತಿತ್ತಲ್ಲ, ನನ್ನ ಹಟ ಬೇರೆ ಹೆಂಗಸಿನ ತಲೆಯ ಮೇಲೆ ಹೋಗುತ್ತದಲ್ಲ ಎಂದು ಎಷ್ಟೋ ಸಲ ಒಳಗೇ ಬೆಂದಿದ್ದೇನೆ.

ಒಂದು ಬೆಳಿಗ್ಗೆ, ಜಾವಗಲ್ ಮಾರ್ಗವಾಗಿ ಅರಸೀಕೆರೆಗೆ ಹೋಗುವ ಬಸ್ಸಿನ ಹೊತ್ತಿಗೆ, ಒಬ್ಬ ಹೆಂಗಸು ಅಂಗಡಿಗೆ ಬಂದರು. ಐವತ್ತರ ಆಸುಪಾಸು, ಕೈಯಲ್ಲಿ ಬಟ್ಟೆಯ ಚೀಲ. ಆಧಾರಿನದೊಂದು ಜೆರಾಕ್ಸ್ ಬೇಕು ಎಂದರು. ತೆಗೆದುಕೊಟ್ಟೆ. ಕೆಳಗೆ ರುಜು ಹಾಕಬೇಕಂತೆ, ಪೆನ್ನು ಕೊಡಿ ಎಂದರು. ಮೇಜಿನ ಮೇಲೆ ಹಾಳೆಯಿಟ್ಟು, ನಿಧಾನವಾಗಿ, ದುಂಡಗೆ ಬರೆದರು. ಆ ಅಕ್ಷರವನ್ನು ನಾನು ದೊಡ್ಡದು ಮಾಡಿ ನೋಡಿದ್ದೆ. ನನ್ನ ಮುಖ ನೋಡಿ ಅವರಿಗೂ ಗೊತ್ತಾಯಿತು, ನನಗೆ ಗೊತ್ತಿದೆ ಎಂದು.

ನನ್ನ ತವರು ಅರಸೀಕೆರೆ ಕಡೆ, ಅಲ್ಲಿಗೆ ಹೊರಟಿದ್ದೀನಿ, ನಾದಿನಿ ವಕೀಲರ ವಿಳಾಸ ಕೊಟ್ಟಿದ್ದಾಳೆ ಎಂದರು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ, ಅವತ್ತು ನಾನು ಸುಮ್ಮನಿರಬೇಕಿತ್ತು, ನಿಮಗೆ ಮನೆಯಲ್ಲಿ ತೊಂದರೆಯಾಯಿತೇನೋ ಎಂದು ಏನೇನೋ ತೊದಲಿದೆ. ಅವರು ತಲೆಯಾಡಿಸಿದರು. ಪೆನ್ನನ್ನು ಮುಚ್ಚಿ ನನ್ನ ಕೈಗೆ ಕೊಟ್ಟರು.

"ಅವತ್ತು ಅವ್ರು ಮನೆಗೆ ಬಂದು ಉಣ್ಣಕ್ಕೆ ಕೂತ್ಕಂಡು ಅದನ್ನೇ ಅಂದ್ರು. ಐತೆ ಅಂದ್ಲು, ಮಖ ನೋಡ್ಕಂಡು ಕೊಡಲ್ಲ ಅಂದ್ಲು ಅಂತ. ಮೂರು ಸಲ ಅಂದ್ರು. ನಾನು ಸಾರು ಬಡುಸ್ತಿದ್ದೆ," ಎಂದರು. ಹಾಳೆಯನ್ನು ಮಡಿಸಿ ಚೀಲಕ್ಕೆ ಹಾಕುತ್ತಾ ಹೇಳಿದರು: "ಅವ್ರಿಗೆ ಅಂಗನ್ನಬೌದು ಅಂತ ನಂಗೆ ಗೊತ್ತೇ ಇರ್ಲಿಲ್ಲ ಕಣಮ್ಮ."

ಬೇಲೂರಿನ ಕೋರ್ಟಿನಲ್ಲಿ ಮುಂದೆ ಆ ರುಜು ತಮ್ಮದೇ ಎಂದು ಅವರು ಗಂಡನ ಎದುರೇ ಹೇಳಿದರು. ಕೇಸು ಇನ್ನೂ ನಡೆಯುತ್ತಿದೆ, ಕೋರ್ಟಿನ ಕೆಲಸ ನಿಧಾನ, ಆದರೆ ಆ ಮಾತು ಅಲ್ಲಿ ದಾಖಲಾಗಿದೆ. ಅದನ್ನು ಇನ್ನು ಯಾರಿಗೂ ಮರೆಸಲು ಆಗುವುದಿಲ್ಲ.

ಆ ಬೆಳಿಗ್ಗೆ ಮಾತ್ರ ನನಗೆ ಅದೊಂದೂ ಗೊತ್ತಿರಲಿಲ್ಲ. ಬಸ್ಸು ಬಂತು. ಅವರು ಚೀಲ ಎತ್ತಿಕೊಂಡು ಹತ್ತಿ, ಕಿಟಕಿಯ ಪಕ್ಕ ಕೂತರು. ಸೆರಗು ಮುಖಕ್ಕೆ ಎಳೆದುಕೊಳ್ಳಲಿಲ್ಲ. ಬಸ್ಸು ತಿರುಗಿ ಮರೆಯಾಗುವವರೆಗೂ ನೋಡಿ, ಒಳಗೆ ಹೋಗಿ ಕಪ್ಪು ಪರದೆಯ ಮುಂದೆ ಕೂತು, ಗೆಳತಿಗೆ ಒಂದು ಸಾಲು ಬರೆದೆ. ಬರುತ್ತಿದ್ದಾರೆ, ಬಸ್‌ಸ್ಟ್ಯಾಂಡಿಗೆ ಹೋಗಿ ಕರೆದುಕೋ ಎಂದು. ಆ ಒಂದು ಸಾಲಿಗೂ ಬೀಗ ಹಾಕಿಯೇ ಕಳಿಸಿದೆ.